ಸಾರ್ನಿಯಾ ಇಂಪೀರಿಯಲ್ಸ್: ಎರಡು ಗ್ರೇ ಕಪ್ ಗೆದ್ದು ಮರೆಯಾದ ತಂಡದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾದ ಫುಟ್‌ಬಾಲ್ ಇತಿಹಾಸದಲ್ಲಿ ನನಗೆ ಅತಿ ಹೆಚ್ಚು ಹತ್ತಿರವಾದ ತಂಡ ಇಂದು ಇಲ್ಲ. ಒಂಟಾರಿಯೋದಲ್ಲಿ ನೆಲೆಸಿರುವ ಕನ್ನಡದ ಗೆಳೆಯರು ಗ್ರೇ ಕಪ್ ವಿಜೇತರ ಪಟ್ಟಿ ನೋಡುತ್ತಾ "ಇದ್ಯಾವುದಪ್ಪಾ ಈ ಸಾರ್ನಿಯಾ?" ಎಂದು ನಿಲ್ಲುವುದನ್ನು ಕಂಡಿದ್ದೇನೆ. ಅವರು ಕೇಳಿದ ಪ್ರಶ್ನೆಗಳಿಗೂ ಊರಿನಿಂದ ಕೆಲವರು ಕೇಳಿದ್ದಕ್ಕೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ.

ಸಾರ್ನಿಯಾ ಇಂಪೀರಿಯಲ್ಸ್ ಯಾರು?

ಒಂಟಾರಿಯೋ ಪ್ರಾಂತ್ಯದ ಸಾರ್ನಿಯಾ ಊರಿನ ಕೆನಡಿಯನ್ ಫುಟ್‌ಬಾಲ್ ತಂಡ. 1920ರ ದಶಕದ ಕೊನೆಯಿಂದ 1950ರ ದಶಕದ ನಡುವಿನವರೆಗೆ, ಎರಡನೇ ಮಹಾಯುದ್ಧದ ಹೊತ್ತಿನ ಬಿಡುವು ಬಿಟ್ಟರೆ, ಒಂಟಾರಿಯೋ ರಗ್ಬಿ ಫುಟ್‌ಬಾಲ್ ಯೂನಿಯನ್ ಎಂಬ ಲೀಗ್‌ನಲ್ಲಿ ಆಡಿತು. ಮೂರು ಸಲ ಗ್ರೇ ಕಪ್ ಫೈನಲ್ ತಲುಪಿ, 1934 ಮತ್ತು 1936ರಲ್ಲಿ ಗೆದ್ದಿತು. ಗ್ರೇ ಕಪ್ ಎಂದರೆ ಆಗಲೂ ಈಗಲೂ ಕೆನಡಿಯನ್ ಫುಟ್‌ಬಾಲಿನ ಅತಿ ದೊಡ್ಡ ಪ್ರಶಸ್ತಿ. ಗವರ್ನರ್ ಜನರಲ್ ಅರ್ಲ್ ಗ್ರೇ ಕೊಟ್ಟ ಈ ಕಪ್ಪನ್ನು ಮೊದಲು ಗೆದ್ದದ್ದು 1909ರಲ್ಲಿ, ಟೊರಾಂಟೊ ವಿಶ್ವವಿದ್ಯಾಲಯದ ತಂಡ.

ಇದು ಕಾಲಿನಲ್ಲಿ ಆಡುವ ನಮ್ಮ ಫುಟ್‌ಬಾಲೇ?

ಅಲ್ಲ. ಇದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಆಗಾಗ ಒದೆಯುವ ಆಟ. ರಗ್ಬಿಯಿಂದ ಹುಟ್ಟಿದ್ದು. ಅಮೆರಿಕನ್ ಫುಟ್‌ಬಾಲಿಗೆ ಅಣ್ಣನೋ ತಮ್ಮನೋ ಆಗಬೇಕು. ಆದರೆ ಮೈದಾನ ಅದಕ್ಕಿಂತ ದೊಡ್ಡದು: 110 ಗಜ ಉದ್ದ, 65 ಗಜ ಅಗಲ. ತಂಡಕ್ಕೆ 11ರ ಬದಲು 12 ಜನ. ಹತ್ತು ಗಜ ಮುಂದೆ ಸಾಗಲು ಅಮೆರಿಕದವರಿಗೆ ನಾಲ್ಕು ಅವಕಾಶ, ಇಲ್ಲಿ ಮೂರೇ. ಮೂರರಲ್ಲಿ ಎರಡು ಕೈಕೊಟ್ಟರೆ ಮೂರನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದೇ ಸಾಮಾನ್ಯ. ಹಾಗಾಗಿ ಆ ಕಾಲದಲ್ಲಿ ಒಳ್ಳೆಯ ಒದೆಗಾರನಿದ್ದ ತಂಡ ಅರ್ಧ ಗೆದ್ದಂತೆಯೇ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಸಾರ್ನಿಯಾ ಎಲ್ಲಿದೆ? ಅಷ್ಟು ಚಿಕ್ಕ ಊರಿಗೆ ಇಂಥ ತಂಡ ಹೇಗೆ ಸಿಕ್ಕಿತು?

ಹ್ಯೂರಾನ್ ಸರೋವರದ ನೀರು ಸೇಂಟ್ ಕ್ಲೇರ್ ನದಿಯಾಗಿ ಹೊರಬೀಳುವ ಮೂಲೆಯಲ್ಲಿದೆ. ನದಿಯ ಆಚೆ ದಡ ಅಮೆರಿಕ, ಅಲ್ಲಿರುವುದು ಮಿಷಿಗನ್ ರಾಜ್ಯದ ಪೋರ್ಟ್ ಹ್ಯೂರಾನ್. ಈಗ ಎರಡು ಊರುಗಳ ನಡುವೆ ಇರುವ ಬ್ಲೂ ವಾಟರ್ ಸೇತುವೆ ತೆರೆದದ್ದು 1938ರಲ್ಲಿ. ಇಂಪೀರಿಯಲ್ಸ್ ಕಪ್ ಗೆದ್ದಾಗ ಅದಿನ್ನೂ ಇರಲಿಲ್ಲ.

1931ರ ಜನಗಣತಿಯ ಹೊತ್ತಿಗೆ ಸಾರ್ನಿಯಾದಲ್ಲಿ ಸುಮಾರು 18 ಸಾವಿರ ಜನ. ಅದೇ ವರ್ಷ ಟೊರಾಂಟೊ 6 ಲಕ್ಷ ದಾಟಿತ್ತು. ಈ ಎರಡು ಊರುಗಳ ತಂಡಗಳು ಒಂದೇ ಕಪ್ಪಿಗೆ ಎದುರುಬದುರಾಗಿ ನಿಂತವು.

ಉತ್ತರ ಇರುವುದು ನೆಲದಡಿಯ ಎಣ್ಣೆಯಲ್ಲಿ. ಸಾರ್ನಿಯಾದಿಂದ ಹೆಚ್ಚು ದೂರವಿಲ್ಲದ ಆಯಿಲ್ ಸ್ಪ್ರಿಂಗ್ಸ್ ಎಂಬಲ್ಲಿ 1858ರಲ್ಲೇ ಕಲ್ಲೆಣ್ಣೆಯ ಬಾವಿ ತೋಡಿದ್ದರು. ಪಕ್ಕದ ಪೆಟ್ರೋಲಿಯಾ ಊರು ಹೆಸರಿನಲ್ಲೇ ಎಣ್ಣೆ ಹೊತ್ತುಕೊಂಡಿದೆ. 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಇಂಪೀರಿಯಲ್ ಆಯಿಲ್ ಕಂಪನಿ ಸಾರ್ನಿಯಾದ ನದಿದಡದಲ್ಲಿ ತನ್ನ ದೊಡ್ಡ ಸಂಸ್ಕರಣಾಗಾರ ನಡೆಸತೊಡಗಿತು. ಊರಿನ ದುಡಿಮೆ, ದುಡ್ಡು, ಸಂಜೆಯ ಮಾತು ಎಲ್ಲವೂ ಆ ಕಾರ್ಖಾನೆಯ ಸುತ್ತ ಬೆಳೆದವು. ತಂಡವೂ ಅಲ್ಲೇ ಬೆಳೆಯಿತು.

'ಇಂಪೀರಿಯಲ್ಸ್' ಹೆಸರು ಕಂಪನಿಯದೇ?

ಕಂಪನಿ ತಂಡದ ಬೆನ್ನಿಗಿತ್ತು, ಹೆಸರೂ ಅದಕ್ಕೆ ಹೊಂದುತ್ತದೆ. ಜೊತೆಗೆ, 1914ರಲ್ಲಿ ನಗರದ ಸ್ಥಾನ ಪಡೆದ ಸಾರ್ನಿಯಾವನ್ನು 'ಇಂಪೀರಿಯಲ್ ಸಿಟಿ' ಎಂದು ಕರೆಯುವ ರೂಢಿಯೂ ಇತ್ತು. ಹೀಗಾಗಿ ಮೈದಾನದಲ್ಲಿ ಆ ಹೆಸರು ಕೂಗಿದವರ ಬಾಯಲ್ಲಿ ಊರೂ ಕಾರ್ಖಾನೆಯೂ ಒಟ್ಟಿಗೇ ಇದ್ದವು.

ಈ ತಂಡವನ್ನು ಸೆಮಿ-ಪ್ರೊಫೆಷನಲ್, ಅಂದರೆ ಅರೆವೃತ್ತಿಪರ ಎನ್ನುತ್ತಾರಲ್ಲ, ಹಾಗೆಂದರೆ ಏನು? ಆಟಗಾರರಿಗೆ ಸಂಬಳ ಇತ್ತೇ?

ಈ ಪುಟದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕೆನಿಸುವ ಪ್ರಶ್ನೆ ಇದು. ಇಂಪೀರಿಯಲ್ಸ್ ಕಥೆಯ ಜೀವ ಇಲ್ಲೇ ಇದೆ.

ಕಾಗದದ ಮೇಲೆ ಅವರು ಹವ್ಯಾಸಿಗಳು. ಲೀಗ್ ಹವ್ಯಾಸಿ ಲೀಗ್, ಅದರ ಮೇಲಿದ್ದ ಕೆನಡಿಯನ್ ರಗ್ಬಿ ಯೂನಿಯನ್ ಕೂಡ ಹವ್ಯಾಸಿ ಆಟದ ನಿಯಮ ಕಾಯುತ್ತಿದ್ದ ಸಂಸ್ಥೆ. ಆಡಿದ್ದಕ್ಕೆ ದುಡ್ಡು ತೆಗೆದುಕೊಳ್ಳುವಂತಿಲ್ಲ. ಆದರೆ ಚೆನ್ನಾಗಿ ಆಡುವವನಿಗೆ ಸಾರ್ನಿಯಾದಲ್ಲಿ ಕೆಲಸ ಸಿಗುತ್ತಿತ್ತು. ಹಗಲು ಕಾರ್ಖಾನೆಯಲ್ಲಿ ದುಡಿಮೆ, ಸಂಜೆ ಅಭ್ಯಾಸ, ಶನಿವಾರ ಪಂದ್ಯ. ಬೆಂಗಳೂರಿನ ಎಚ್‌ಎಎಲ್, ಐಟಿಐ ತಂಡಗಳ ಆಟ ನೋಡಿ ಬೆಳೆದವರಿಗೆ ಈ ಏರ್ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಲ ಯಾವುದು ಅನ್ನುವುದನ್ನು ಮರೆಯಬಾರದು. 1929ರ ನಂತರ ಕೆನಡಾವನ್ನು ಮಹಾ ಆರ್ಥಿಕ ಕುಸಿತ ಹಿಂಡಿ ಹಿಪ್ಪೆ ಮಾಡಿತ್ತು. ಪಶ್ಚಿಮದ ಗೋಧಿ ಸೀಮೆಯಲ್ಲಿ ಬರ, ಪೂರ್ವದ ನಗರಗಳಲ್ಲಿ ಕೆಲಸಕ್ಕಾಗಿ ಸಾಲು. ಅಂಥ ಹೊತ್ತಿನಲ್ಲಿ ವರ್ಷಪೂರ್ತಿ ನಡೆಯುವ ಒಂದು ನೌಕರಿ ಯಾವ ಪಂದ್ಯದ ಸಂಭಾವನೆಗಿಂತಲೂ ದೊಡ್ಡದು. ಒಬ್ಬ ಯುವಕ ಸಾರ್ನಿಯಾಗೆ ಬಂದರೆ ಅವನಿಗೆ ಆಟದ ಜೊತೆಗೆ ಬಾಡಿಗೆ ಕಟ್ಟುವ ದಾರಿ, ಮದುವೆಯಾಗುವ ಧೈರ್ಯ ಎರಡೂ ಸಿಗುತ್ತಿದ್ದವು. ಇದನ್ನು ಮೋಸ ಎಂದು ಕರೆಯುವವರಿದ್ದಾರೆ. ನಾನು ಹಾಗೆ ಕರೆಯಲಾರೆ. ಆಡುವವನಿಗೂ ಹೊಟ್ಟೆ ಇದೆ ಎಂದು ಒಪ್ಪಿಕೊಂಡ ವ್ಯವಸ್ಥೆ ಅದು.

ಯಾವ ಲೀಗ್‌ನಲ್ಲಿ ಆಡುತ್ತಿದ್ದರು? ಸಿಎಫ್‌ಎಲ್ ಆಗ ಇತ್ತೇ?

ಇರಲಿಲ್ಲ. ಇಂದಿನ ವೃತ್ತಿಪರ ಲೀಗ್ ಆದ ಸಿಎಫ್‌ಎಲ್, ಅಂದರೆ ಕೆನಡಿಯನ್ ಫುಟ್‌ಬಾಲ್ ಲೀಗ್, ಹುಟ್ಟಿದ್ದು 1958ರಲ್ಲಿ, ಇಂಪೀರಿಯಲ್ಸ್ ಕಣ್ಮರೆಯಾದ ಮೇಲೆ. 1930ರ ದಶಕದಲ್ಲಿ ಪೂರ್ವ ಕೆನಡಾದಲ್ಲಿ ಎರಡು ಮುಖ್ಯ ಲೀಗ್‌ಗಳು. ಒಂದು, ಹ್ಯಾಮಿಲ್ಟನ್, ಒಟ್ಟಾವಾ, ಟೊರಾಂಟೊ, ಮಾಂಟ್ರಿಯಲ್ ನಗರಗಳ 'ಬಿಗ್ ಫೋರ್', 1907ರಲ್ಲಿ ಶುರುವಾದದ್ದು. ಇನ್ನೊಂದು, 1883ರಷ್ಟು ಹಿಂದೆ ಹುಟ್ಟಿದ ಒಂಟಾರಿಯೋ ರಗ್ಬಿ ಫುಟ್‌ಬಾಲ್ ಯೂನಿಯನ್. ಮೊದಲನೆಯದರಲ್ಲಿ ದೊಡ್ಡ ನಗರಗಳ ಜನ, ದೊಡ್ಡ ಟಿಕೆಟ್ ವಸೂಲಿ, ದೊಡ್ಡ ಪತ್ರಿಕೆಗಳ ಬೆಂಬಲ. ಎರಡನೆಯದರಲ್ಲಿ ಸಾರ್ನಿಯಾದಂಥ ಊರುಗಳು ಮತ್ತು ಟೊರಾಂಟೊ ನಗರದ್ದೇ ಆದ ಬಾಮಿ ಬೀಚ್‌ನಂಥ ಬಡಾವಣೆಯ ಕ್ಲಬ್‌ಗಳು. ಬಾಮಿ ಬೀಚ್ ಕೂಡ 1927 ಮತ್ತು 1930ರಲ್ಲಿ ಗ್ರೇ ಕಪ್ ಗೆದ್ದಿದೆ. ಚಿಕ್ಕವರ ಲೀಗ್ ಎಂದು ಯಾರೂ ಹಗುರ ಮಾಡುವಂತಿರಲಿಲ್ಲ.

ಈ ಲೀಗ್‌ಗಳ ವಿಜೇತರು ನಂತರ ಒಬ್ಬರನ್ನೊಬ್ಬರು ಎದುರಿಸಿ, ಪಶ್ಚಿಮದ ವಿಜೇತರೊಂದಿಗೆ ಸೆಣಸಿ ಗ್ರೇ ಕಪ್ ತೀರ್ಮಾನವಾಗುತ್ತಿತ್ತು. 1930ರ ದಶಕದಲ್ಲಿ ತಮ್ಮ ಲೀಗ್‌ನೊಳಗೆ ಇಂಪೀರಿಯಲ್ಸ್‌ಗೆ ಸಾಟಿಯಾಗುವವರು ಸಿಗುವುದೇ ಅಪರೂಪವಾಗಿತ್ತು.

1933ರ ಫೈನಲ್ ಸಾರ್ನಿಯಾದಲ್ಲೇ ನಡೆಯಿತು ಎನ್ನುವುದು ನಿಜವೇ?

ನಿಜ. 1933ರ ಡಿಸೆಂಬರ್ 9, ಶನಿವಾರ, ಡೇವಿಸ್ ಫೀಲ್ಡ್. ಸಾರ್ನಿಯಾ ಗ್ರೇ ಕಪ್ ಫೈನಲ್ ನಡೆಸಿಕೊಟ್ಟದ್ದು ಅದೊಂದೇ ಸಲ. ಎದುರಾಳಿ ಬಿಗ್ ಫೋರ್‌ನ ಟೊರಾಂಟೊ ಆರ್ಗೋನಾಟ್ಸ್. ಅವರ ಕೋಚ್ ಲೂ ಹೇಮನ್ ಆಗಿನ್ನೂ ಯುವಕ, ಮುಂದೆ ಕೆನಡಿಯನ್ ಫುಟ್‌ಬಾಲಿನ ದೊಡ್ಡ ಹೆಸರಾದವರು. ಆ ವರ್ಷ ಪಶ್ಚಿಮದ ವಿಜೇತ ವಿನಿಪೆಗ್ ತಂಡವನ್ನು ಆರ್ಗೋನಾಟ್ಸ್ ಸೆಮಿಫೈನಲ್‌ನಲ್ಲೇ ಸೋಲಿಸಿದ್ದರಿಂದ ಫೈನಲ್‌ನಲ್ಲಿ ಎರಡೂ ಒಂಟಾರಿಯೋದ ತಂಡಗಳು.

ಪ್ರೇಕ್ಷಕರು 2,751 ಜನ. ಇಂದಿನ ಕಣ್ಣಿಗೆ ತೀರಾ ಕಡಿಮೆ ಎನಿಸಬಹುದು. 18 ಸಾವಿರ ಜನರ ಊರಿಗೆ, ಡಿಸೆಂಬರಿನ ಸರೋವರದ ಗಾಳಿಗೆ ಆ ಸಂಖ್ಯೆಯನ್ನು ಹಿಡಿದು ನೋಡಿ. ಊರಿನ ಮನೆಮನೆಯಿಂದಲೂ ಒಬ್ಬರು ಬಂದು ನಿಂತ ಹಾಗೆ ಇದ್ದಿರಬೇಕು ಅನಿಸುತ್ತದೆ ನನಗೆ.

ಟೊರಾಂಟೊ 4, ಸಾರ್ನಿಯಾ 3. ಒಂದೇ ಅಂಕದ ಸೋಲು.

4–3? ಟಚ್‌ಡೌನ್‌ಗೇ 5 ಅಂಕ ಇದ್ದಾಗ ಅದು ಹೇಗೆ ಸಾಧ್ಯ?

ಒಂದೂ ಟಚ್‌ಡೌನ್ ಇಲ್ಲದೆ ಸಾಧ್ಯ. ಚೆಂಡನ್ನು ಎದುರಾಳಿಯ ಗೋಲ್ ಗೆರೆಯಾಚೆ ಕೊಂಡೊಯ್ಯುವುದೇ ಟಚ್‌ಡೌನ್. ಆ ಕಾಲದಲ್ಲಿ ಅದಕ್ಕೆ 5 ಅಂಕ, ಅದು 6 ಆದದ್ದು 1956ರಲ್ಲಿ. ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಅಂಕ. ಇದಲ್ಲದೆ ಕೆನಡಿಯನ್ ಆಟದಲ್ಲಿ ಮಾತ್ರ ಉಳಿದುಬಂದಿರುವ ಒಂದು ವಿಶೇಷ ಅಂಕ ಇದೆ. ಒದ್ದ ಚೆಂಡು ಎದುರಾಳಿಯ ಗೋಲ್ ಗೆರೆಯಾಚೆ ಬಿದ್ದು, ಅಲ್ಲಿಂದ ಅವರು ಅದನ್ನು ಹೊರತರಲಾಗದಿದ್ದರೆ ಒದ್ದವರಿಗೆ 1 ಅಂಕ. ಇದನ್ನು ಸಿಂಗಲ್ ಎನ್ನುತ್ತಾರೆ, ರೂಜ್ ಎಂಬ ಹೆಸರೂ ಇದೆ.

ಹೀಗಾಗಿ ಕೆಸರಿನ ದಿನ, ಮಂಜಿನ ದಿನ, ಯಾರೂ ಮುಂದೆ ಸಾಗಲಾಗದ ದಿನ, ಚೆಂಡನ್ನು ದೂರಕ್ಕೆ ಒದೆಯಬಲ್ಲ ಒಬ್ಬನೇ ಒಬ್ಬ ಒಂದೊಂದೇ ಅಂಕ ಕೂಡಿಸಿ ಪಂದ್ಯ ಗೆಲ್ಲಿಸಬಲ್ಲ. ಸಾರ್ನಿಯಾದಲ್ಲಿ ಅಂಥವನೊಬ್ಬನಿದ್ದ. ಅವನ ಬಗ್ಗೆ ಮುಂದೆ ಹೇಳುತ್ತೇನೆ.

1934ರ ಗೆಲುವು ಹೇಗಿತ್ತು?

1934ರ ನವೆಂಬರ್ 24, ಟೊರಾಂಟೊದ ವಾರ್ಸಿಟಿ ಸ್ಟೇಡಿಯಂ. ಎದುರು ಪಶ್ಚಿಮದ ರೆಜೈನಾ ರಫ್‌ರೈಡರ್ಸ್. ಕೋಚ್ ಆರ್ಟ್ ಮಸೂಚಿ ಅವರ ಇಂಪೀರಿಯಲ್ಸ್ 20–12ರಿಂದ ಗೆದ್ದರು. ಹಿಂದಿನ ವರ್ಷ ಸ್ವಂತ ಊರಿನ ಮೈದಾನದಲ್ಲಿ ಒಂದು ಅಂಕಕ್ಕೆ ಕೈತಪ್ಪಿದ ಕಪ್ ಈ ಸಲ ಸಾರ್ನಿಯಾಗೆ ಬಂತು.

ಈ ಪಂದ್ಯದ ಬಗ್ಗೆ ಓದುವಾಗ ನನ್ನ ಮನಸ್ಸು ಸೋತವರ ಕಡೆಗೂ ಹರಿಯುತ್ತದೆ. ರೆಜೈನಾದವರು 1923ರಲ್ಲಿ, ಆಮೇಲೆ 1928ರಿಂದ 1932ರವರೆಗೆ ಸತತ ಐದು ವರ್ಷ ಫೈನಲ್‌ನಲ್ಲಿ ಸೋತಿದ್ದರು. ಇದು ಏಳನೆಯ ಸೋಲು. ಬರಪೀಡಿತ ಗೋಧಿ ಸೀಮೆಯಿಂದ ದಿನಗಟ್ಟಲೆ ರೈಲಿನಲ್ಲಿ ಕೂತು ಬಂದು, ಬರಿಗೈಯಲ್ಲಿ ಅದೇ ರೈಲು ಹತ್ತಿ ಹಿಂದಿರುಗುವುದು. ಮುಂದೆ ಸಸ್ಕಾಚೆವಾನ್ ರಫ್‌ರೈಡರ್ಸ್ ಆದ ಆ ತಂಡಕ್ಕೆ ಮೊದಲ ಕಪ್ ಸಿಕ್ಕಿದ್ದು 1966ರಲ್ಲಿ.

1935ರಲ್ಲಿ ಏನಾಯಿತು?

ಇಂಪೀರಿಯಲ್ಸ್ ಪೂರ್ವದ ಫೈನಲ್‌ನಲ್ಲಿ ಹ್ಯಾಮಿಲ್ಟನ್ ಟೈಗರ್ಸ್‌ಗೆ ಸೋತರು. ಆ ಹ್ಯಾಮಿಲ್ಟನ್ನನ್ನು ವಿನಿಪೆಗ್ 18–12ರಿಂದ ಸೋಲಿಸಿತು. ಪಶ್ಚಿಮದ ತಂಡವೊಂದು ಗ್ರೇ ಕಪ್ ಗೆದ್ದದ್ದು ಅದೇ ಮೊದಲು. ವಿನಿಪೆಗ್‌ನವರು ಸುಮಾರು 7,500 ಡಾಲರ್ ಖರ್ಚು ಮಾಡಿ ಒಂಬತ್ತು ಮಂದಿ ಅಮೆರಿಕನ್ ಆಟಗಾರರನ್ನು ಕರೆತಂದಿದ್ದರು. ಪೂರ್ವದ ಅಧಿಕಾರಿಗಳ ಕಣ್ಣು ಕೆಂಪಾಯಿತು. ಹೊರಗಿನಿಂದ ಬಂದವರು ಆಡಬೇಕಾದರೆ ಇಂತಿಷ್ಟು ಕಾಲ ಕೆನಡಾದಲ್ಲಿ ವಾಸವಿರಬೇಕು ಎಂಬ ನಿಯಮ ಬಿಗಿಯಾಯಿತು.

1936ರ ಕಪ್ ಪಶ್ಚಿಮದವರಿಲ್ಲದೆ ಗೆದ್ದದ್ದಲ್ಲವೇ? ಅದನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯಬಹುದೇ?

ಪಶ್ಚಿಮದವರಿಲ್ಲದೆ ನಡೆದದ್ದು ನಿಜ. ಆ ವರ್ಷ ಪಶ್ಚಿಮ ಗೆದ್ದ ರೆಜೈನಾ ತಂಡದ ಕೆಲವು ಅಮೆರಿಕನ್ ಆಟಗಾರರು ಹೊಸ ವಾಸದ ನಿಯಮದ ಪ್ರಕಾರ ಅನರ್ಹರಾದರು. ಜಗ್ಗಾಟ ಬಗೆಹರಿಯಲಿಲ್ಲ, ರೆಜೈನಾ ಪೂರ್ವಕ್ಕೆ ಬರಲಿಲ್ಲ. ಕಪ್ಪಿಗಾಗಿ ಎರಡು ಪೂರ್ವದ ತಂಡಗಳು ಆಡಿದವು: ಇಂಪೀರಿಯಲ್ಸ್ ಮತ್ತು ಬಿಗ್ ಫೋರ್ ವಿಜೇತ ಒಟ್ಟಾವಾ ರಫ್ ರೈಡರ್ಸ್. 1936ರ ಡಿಸೆಂಬರ್ 5, ಮತ್ತೆ ವಾರ್ಸಿಟಿ ಸ್ಟೇಡಿಯಂ, 5,883 ಪ್ರೇಕ್ಷಕರು. ಸಾರ್ನಿಯಾ 26, ಒಟ್ಟಾವಾ 20.

ರೆಜೈನಾಗೆ ಆದದ್ದು ಅನ್ಯಾಯ ಎಂದೇ ನನ್ನ ಭಾವನೆ. ಅಮೆರಿಕದಿಂದ ಬಂದ ಆರ್ಮಂಡ್ ಬೀಚ್ ಎಂಬ ಅದ್ಭುತ ಆಟಗಾರ ಸಾರ್ನಿಯಾದಲ್ಲೂ ಇದ್ದ ಎನ್ನುವುದನ್ನು ಮುಚ್ಚಿಡಬಾರದು. ವ್ಯತ್ಯಾಸ ಇಷ್ಟೇ: ಅವನು ಆ ಹೊತ್ತಿಗಾಗಲೇ ಅದೇ ಊರಿನಲ್ಲಿ ನೆಲೆ ನಿಂತಿದ್ದ. ಆದರೆ ಆ ಅನ್ಯಾಯದ ಬೆಲೆಯನ್ನು ಇಂಪೀರಿಯಲ್ಸ್‌ನಿಂದ ವಸೂಲು ಮಾಡುವುದು ಸರಿಯಲ್ಲ. ನಿಯಮ ಮಾಡಿದವರು ಆಟಗಾರರಲ್ಲ. ಎದುರಿಗೆ ನಿಂತವರನ್ನು ಅವರು ಸೋಲಿಸಿದರು, ಅದೂ ದೇಶದ ರಾಜಧಾನಿಯ ತಂಡವನ್ನು, ಟಚ್‌ಡೌನ್‌ಗೆ ಐದೇ ಅಂಕವಿದ್ದ ಕಾಲದಲ್ಲಿ 26 ಅಂಕ ಗಳಿಸಿ. ಎರಡನೇ ಮಹಾಯುದ್ಧ ಶುರುವಾಗುವ ಮುನ್ನ ಒಂಟಾರಿಯೋ ಯೂನಿಯನ್ನಿನ ತಂಡವೊಂದು ಗ್ರೇ ಕಪ್ ಎತ್ತಿದ್ದು ಅದೇ ಕೊನೆ.

ತಂಡದ ಮುಖ್ಯ ಆಟಗಾರರು ಯಾರು?

ಮೂವರ ಬಗ್ಗೆ ಹೇಳಲೇಬೇಕು.

ಹ್ಯೂ ಸ್ಟರ್ಲಿಂಗ್, ಎಲ್ಲರ ಬಾಯಲ್ಲೂ 'ಬಮ್ಮರ್' ಸ್ಟರ್ಲಿಂಗ್. ಮೇಲೆ ಹೇಳಿದ ಒದೆಗಾರ ಇವನೇ. ಚೆಂಡನ್ನು ಎತ್ತರಕ್ಕೂ ದೂರಕ್ಕೂ ಒದ್ದು ಎದುರಾಳಿಯನ್ನು ಅವರ ಗೋಲ್ ಗೆರೆಗೆ ಒತ್ತಿ ನಿಲ್ಲಿಸುವುದು, ಅಲ್ಲಿಂದ ಒಂದೊಂದೇ ಸಿಂಗಲ್ ಕೀಳುವುದು ಅವನ ಕಲೆ. ಓಟದಲ್ಲೂ ಹಿಂದೆ ಬೀಳುತ್ತಿರಲಿಲ್ಲ. 1938ರಲ್ಲಿ ಕೆನಡಾದ ವರ್ಷದ ಪುರುಷ ಕ್ರೀಡಾಪಟು ಎಂಬ ಗೌರವ ಅವನಿಗೆ ಸಂದಿತು. ಐಸ್ ಹಾಕಿಯೇ ಉಸಿರಾಗಿರುವ ದೇಶದಲ್ಲಿ, ಸಾರ್ನಿಯಾದಂಥ ಊರಿನ ಫುಟ್‌ಬಾಲ್ ಆಟಗಾರನಿಗೆ! 1966ರಲ್ಲಿ, ಆಟದ ಶ್ರೇಷ್ಠರನ್ನು ಗೌರವಿಸುವ ಕೆನಡಿಯನ್ ಫುಟ್‌ಬಾಲ್ ಹಾಲ್ ಆಫ್ ಫೇಮ್ ಸೇರಿದ.

ನಾರ್ಮ್ ಪೆರಿ, ತಂಡದ ಮೊದಲ ವರ್ಷಗಳಿಂದಲೂ ಇದ್ದ ಹಿಂಬದಿಯ ಓಟಗಾರ, 1934ರ ಕಪ್ ಗೆದ್ದ ತಂಡದವನು. 1963ರಲ್ಲಿ ಹಾಲ್ ಆಫ್ ಫೇಮ್ ಮೊಟ್ಟಮೊದಲು ಆರಿಸಿದ ಆಟಗಾರರ ಗುಂಪಿನಲ್ಲೇ ಅವನ ಹೆಸರಿದೆ. ಸಾರ್ನಿಯಾದ ಕ್ರೀಡಾಂಗಣಕ್ಕೆ ಇಂದು ಅವನದೇ ಹೆಸರು.

ಮೂರನೆಯವನು ಆರ್ಮಂಡ್ ಬೀಚ್. ಅಮೆರಿಕದ ಓಕ್ಲಹೋಮಾದವನು, ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಆಡಿ ಬಂದವನು. ಓಕ್ಲಹೋಮಾ ಕೂಡ ಎಣ್ಣೆಯ ನಾಡೇ. ಚೆಂಡು ಹಿಡಿದಾಗ ಗೋಡೆಯಂಥ ಎದುರಾಳಿ ಸಾಲನ್ನು ಮುರಿದು ನುಗ್ಗುತ್ತಿದ್ದ, ಚೆಂಡು ಎದುರಾಳಿಯ ಕೈಯಲ್ಲಿದ್ದಾಗ ತಾನೇ ಗೋಡೆಯಾಗುತ್ತಿದ್ದ. ಎರಡೂ ಕಪ್ ಗೆಲುವುಗಳಲ್ಲಿ ಅವನಿದ್ದ. 1938ರಲ್ಲಿ ಸಾರ್ನಿಯಾದಲ್ಲೇ ಕೈಗಾರಿಕಾ ಅವಘಡವೊಂದರಲ್ಲಿ ತೀರಿಕೊಂಡ. ಮೂವತ್ತೂ ತುಂಬಿರಲಿಲ್ಲ. ಅವನಿಗೂ 1963ರ ಮೊದಲ ಗುಂಪಿನಲ್ಲೇ ಹಾಲ್ ಆಫ್ ಫೇಮ್ ಗೌರವ ಸಿಕ್ಕಿತು.

ಬೀಚ್‌ನ ಸಾವಿನ ಬಗ್ಗೆ ಮೊದಲ ಸಲ ಓದಿದಾಗ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಕೆಲಸ ಮತ್ತು ಆಟ ಒಂದೇ ದಾರದಲ್ಲಿ ಹೆಣೆದುಕೊಂಡಿದ್ದ ತಂಡ ಎಂದು ಹೇಳುವುದು ಸುಲಭ. ಶನಿವಾರ ಸಾವಿರಾರು ಜನ ಹೆಸರು ಹಿಡಿದು ಕೂಗುತ್ತಿದ್ದವರು ಸೋಮವಾರ ಉಳಿದ ಕಾರ್ಮಿಕರಷ್ಟೇ ಅಪಾಯದ ನಡುವೆ ನಿಲ್ಲುತ್ತಿದ್ದರು ಎನ್ನುವುದು ಆಗ ಅರ್ಥವಾಯಿತು.

ಇಷ್ಟು ಚೆನ್ನಾಗಿ ಆಡಿದ ತಂಡ ಯಾಕೆ ಮುಚ್ಚಿಹೋಯಿತು?

ಆಟ ಕೆಟ್ಟದ್ದರಿಂದಲ್ಲ. ಯುದ್ಧ ಮುಗಿದ ಮೇಲೆ ಇಂಪೀರಿಯಲ್ಸ್ ಮತ್ತೆ ಕಟ್ಟಿಕೊಂಡು, 1951 ಮತ್ತು 1952ರಲ್ಲಿ ಲೀಗ್ ಗೆದ್ದರು ಕೂಡ. ಆದರೆ ಗ್ರೇ ಕಪ್ ದಾರಿಯಲ್ಲಿ ಬಿಗ್ ಫೋರ್ ತಂಡಗಳ ಎದುರು ನಿಂತಾಗ ಎರಡು ವರ್ಷವೂ ದೊಡ್ಡ ಅಂತರದಲ್ಲಿ ಸೋತರು. 1933ರಲ್ಲಿ ಒಂದು ಅಂಕದಷ್ಟಿದ್ದ ಅಂತರ ಹಿಗ್ಗಿತ್ತು.

ಕಾರಣ ದುಡ್ಡು. ದೊಡ್ಡ ನಗರಗಳ ತಂಡಗಳು ಆಗ ಮುಚ್ಚುಮರೆಯಿಲ್ಲದೆ ವೃತ್ತಿಪರವಾಗಿದ್ದವು, ಅಮೆರಿಕದ ಆಟಗಾರರಿಗೆ ಭಾರೀ ಮೊತ್ತ ಕೊಟ್ಟು ಕರೆಸುತ್ತಿದ್ದವು. 1952ರಲ್ಲಿ ಗ್ರೇ ಕಪ್ ಮೊದಲ ಬಾರಿಗೆ ದೂರದರ್ಶನದಲ್ಲಿ ಬಂತು. 1954ರಲ್ಲಿ ಅಮೆರಿಕದ ಎನ್‌ಬಿಸಿ ಕೂಡ ಬಿಗ್ ಫೋರ್ ಪಂದ್ಯಗಳನ್ನು ಬಿತ್ತರಿಸಿತು. ಆ ಹಣ ಹರಿದದ್ದು ದೊಡ್ಡ ಲೀಗ್‌ಗಳ ಕಡೆಗೆ. ಕುಸಿತದ ಕಾಲದಲ್ಲಿ ಒಂದು ನೌಕರಿ ಎಂದರೆ ಯಾವ ಆಟಗಾರನನ್ನೂ ಸೆಳೆಯುವ ಆಸ್ತಿ. 1950ರ ದಶಕದಲ್ಲಿ ಕೆಲಸ ಎಲ್ಲೆಲ್ಲೂ ಸಿಗುತ್ತಿತ್ತು, ಸಾರ್ನಿಯಾದಲ್ಲೇ ಹೊಸ ಹೊಸ ರಾಸಾಯನಿಕ ಕಾರ್ಖಾನೆಗಳು ಎದ್ದಿದ್ದವು. ನೌಕರಿಯ ಸೆಳೆತ ಮಂಕಾಯಿತು. ಊರು ಸಿರಿವಂತವಾಗುತ್ತಾ ಹೋದ ಹೊತ್ತಿನಲ್ಲೇ ತಂಡ ಬಡವಾಯಿತು.

ಒಂಟಾರಿಯೋ ಯೂನಿಯನ್ ಗ್ರೇ ಕಪ್ ಸ್ಪರ್ಧೆಯಲ್ಲಿ ಕೊನೆಯ ಬಾರಿ ಭಾಗವಹಿಸಿದ್ದು 1954ರಲ್ಲಿ. ಕಪ್ಪಿನ ಬಾಗಿಲು ಮುಚ್ಚಿದ ಮೇಲೆ ಇಂಪೀರಿಯಲ್ಸ್ ಹೆಚ್ಚು ಕಾಲ ಉಳಿಯಲಿಲ್ಲ. ಆ ದಶಕದ ಕೊನೆಯ ವರ್ಷಗಳಲ್ಲಿ ಸಾರ್ನಿಯಾದಿಂದ ಗೋಲ್ಡನ್ ಬೇರ್ಸ್ ಎಂಬ ತಂಡ ಅದೇ ಯೂನಿಯನ್ನಿನಲ್ಲಿ ಆಡಿತು.

ಆದರೆ ಇಂಪೀರಿಯಲ್ಸ್ ಹೆಸರಿನ ತಂಡ ಈಚೆಗೂ ಆಡಿದೆಯಲ್ಲ?

ಹೌದು. 21ನೇ ಶತಮಾನದಲ್ಲಿ ನಾರ್ದರ್ನ್ ಫುಟ್‌ಬಾಲ್ ಕಾನ್ಫರೆನ್ಸ್ ಎಂಬ ಹವ್ಯಾಸಿ ಲೀಗ್‌ನಲ್ಲಿ ಅದೇ ಹೆಸರಿಟ್ಟುಕೊಂಡ ತಂಡ ಆಡಿದೆ. ಹಳೆಯ ತಂಡದ ನೇರ ಮುಂದುವರಿಕೆ ಅಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟ ಹಾಗೆ.

ಗ್ರೇ ಕಪ್ ದಾಖಲೆಗಳಲ್ಲಿ ಸಾರ್ನಿಯಾ ಗೆಲುವುಗಳಿಗೆ ಸ್ಥಾನ ಇದೆಯೇ?

ಇದೆ. ಸಿಎಫ್‌ಎಲ್‌ಗಿಂತ ಕಪ್ ಹಳೆಯದು, ಅದರ ಇತಿಹಾಸ 1909ರಿಂದ ಒಂದೇ ಸರಣಿಯಾಗಿ ಎಣಿಕೆಯಾಗುತ್ತದೆ. ವಿಜೇತರ ಪಟ್ಟಿಯಲ್ಲಿ 1934, 1936ರ ಎದುರು ಸಾರ್ನಿಯಾ ಇಂಪೀರಿಯಲ್ಸ್ ಎಂದೇ ಇದೆ. ಕಪ್ಪಿನ ಪಾದದ ಬೆಳ್ಳಿಯ ಫಲಕಗಳು ಗೆದ್ದವರ ಹೆಸರುಗಳನ್ನು ಹೊತ್ತಿವೆ. ಇಂದಿನ ಚಾಂಪಿಯನ್ನರು ಅದನ್ನು ತಲೆಯ ಮೇಲೆತ್ತಿದಾಗಲೆಲ್ಲ ಆ ಎಣ್ಣೆ ಕಾರ್ಖಾನೆಯ ಊರಿನವರನ್ನೂ ಎತ್ತುತ್ತಿದ್ದಾರೆ.

ಸಾರ್ನಿಯಾಗೆ ಹೋದರೆ ಏನು ನೋಡಬಹುದು?

ಮೊದಲು ನಾರ್ಮ್ ಪೆರಿ ಸ್ಮಾರಕ ಕ್ರೀಡಾಂಗಣಕ್ಕೆ ಹೋಗಿ. ಅಕ್ಟೋಬರ್ ಆಗಿದ್ದರೆ ಒಳ್ಳೆಯದು, ಅದೇ ಆ ಆಟದ ಋತು. ಸ್ಟರ್ಲಿಂಗ್, ಪೆರಿ, ಬೀಚ್ ಮೂವರಿಗೂ ಗೌರವ ಸಲ್ಲಿಸಿರುವ ಹಾಲ್ ಆಫ್ ಫೇಮ್ ಇರುವುದು ಹ್ಯಾಮಿಲ್ಟನ್‌ನಲ್ಲಿ, ಟೊರಾಂಟೊ ಕಡೆಗೆ ಹಿಂದಿರುಗುವ ದಾರಿಯಲ್ಲಿ ನೋಡಬಹುದು. ಹೊರಡುವ ಮುನ್ನ ಸಂಜೆ ನದಿದಡಕ್ಕೆ ಬನ್ನಿ. ದಕ್ಷಿಣಕ್ಕೆ ಸಂಸ್ಕರಣಾಗಾರದ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಬೀಚ್, ಸ್ಟರ್ಲಿಂಗ್ ನಡೆದಾಡಿದ ದಡ ಅದು.